ಹೊಳಪಿಗೂ ಒಂದು ಮಿತಿ

ಭಾನುವಾರ ಬೆಳಗಾಯಿತೆಂದರೆ ನಗರದ ಬಡಾವಣೆಗಳಲ್ಲಿ ಒಂದು ವಿಶೇಷ ಪೂಜೆ ಆರಂಭವಾಗುತ್ತದೆ. ಪೂಜಾರಿ ಮನೆಯ ಯಜಮಾನ. ದೇವರು ಆತನ ಕಾರು. ಅಭಿಷೇಕಕ್ಕೆ ನೀರು, ಅಲಂಕಾರಕ್ಕೆ ಮೇಣ, ಮಂಗಳಾರತಿಗೆ ಬದಲಾಗಿ ಕೈಯಲ್ಲೊಂದು ಟಾರ್ಚು. ಆ ಬೆಳಕಿನಲ್ಲಿ ಕಾರಿನ ಮೈಮೇಲಿನ ಗೀರುಗಳನ್ನು ಹುಡುಕುವ ಭಕ್ತನ ಏಕಾಗ್ರತೆಯನ್ನು ಕಂಡು, ಮನೆಯವರು ಕಾಫಿ ಆರಿಹೋಗುತ್ತಿದೆಯೆಂದು ಎರಡು ಬಾರಿ ಕೂಗಿ ಸುಮ್ಮನಾಗುತ್ತಾರೆ. ನೆರೆಮನೆಯ ಕಾರುಪ್ರಿಯರೂ ಬಂದು ನಿಂತರೆಂದರೆ ಕೇಳುವುದೇ ಬೇಡ. ಯಾವ ಶಾಂಪೂ, ಯಾವ ಬಟ್ಟೆ, ಯಾವ ಮೇಣ ಎಂಬ ಚರ್ಚೆ ಮಧ್ಯಾಹ್ನದ ಊಟದವರೆಗೂ ಸಾಗುತ್ತದೆ.

ಈ ಹವ್ಯಾಸವನ್ನು ಕಂಡು ನಗುವುದು ಸುಲಭ. ಆದರೆ ಅದರ ಒಳಹೊಕ್ಕು ನೋಡಿದವರಿಗೆ ಅಲ್ಲೊಂದು ವಿವೇಕದ ಪಾಠವೂ ದೊರೆಯುತ್ತದೆ. ಕಾರಿನ ಹೊಳಪು ಬ್ಯಾಂಕಿನಲ್ಲಿಟ್ಟ ಇಡುಗಂಟಿನಂತೆ. ಪ್ರತಿಯೊಂದು ಉಜ್ಜುವಿಕೆಗೂ ಅದರಿಂದ ಒಂದಿಷ್ಟು ಹಣ ಖರ್ಚಾಗುತ್ತದೆ. ಮತ್ತೆ ತುಂಬುವ ದಾರಿಯೆಂದರೆ ಹೊಸದಾಗಿ ಬಣ್ಣ ಬಳಿಸುವುದೊಂದೇ.

ಮೋಟಾರು ಯುಗದ ಆರಂಭದಲ್ಲಿ ಒಂದು ಕಾರಿಗೆ ಬಣ್ಣ ಬಳಿದು ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯು ಡ್ಯೂಕೋ ಎಂಬ ಬೇಗ ಒಣಗುವ ಬಣ್ಣವನ್ನು ಹೊರತಂದ ಮೇಲೆ ಆ ಕಾಯುವಿಕೆ ತಪ್ಪಿತು. ಆ ಹೆಸರು ನಮ್ಮ ಗ್ಯಾರೇಜುಗಳ ಮಾತಿನಲ್ಲಿಯೂ ಬೇರೂರಿತು. ಹಳೆಯ ಕಾಲದ ಅಂಬಾಸಿಡರ್ ಕಾರನ್ನು ಪಾಲಿಷ್ ಮಾಡಿದವರಿಗೆ ಒಂದು ನೆನಪಿರಬಹುದು: ಕೆಲಸ ಮುಗಿದಾಗ ಬಟ್ಟೆಗೆ ಕಾರಿನ ಬಣ್ಣವೇ ಮೆತ್ತಿಕೊಂಡಿರುತ್ತಿತ್ತು. ಎಷ್ಟು ಸವೆಯಿತೆಂಬ ಲೆಕ್ಕವನ್ನು ಆ ಬಟ್ಟೆಯೇ ಒಪ್ಪಿಸುತ್ತಿತ್ತು.

ಇಂದಿನ ಕಾರುಗಳಲ್ಲಿ ಆ ಎಚ್ಚರಿಕೆಯಿಲ್ಲ. 1980ರ ದಶಕದಿಂದೀಚೆಗೆ ಬಣ್ಣದ ಮೇಲೆ ‘ಕ್ಲಿಯರ್ ಕೋಟ್’ ಎಂಬ ಪಾರದರ್ಶಕ ಲೇಪವನ್ನು ಕೊಡುವ ಪದ್ಧತಿ ಹರಡಿತು. ಸಾಮಾನ್ಯವಾಗಿ ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ಅಂದರೆ ತಲೆಗೂದಲಿನ ಒಂದು ಎಳೆಗಿಂತಲೂ ತೆಳು. ಬಿಸಿಲನ್ನು ತಡೆದು ಒಳಗಿನ ಬಣ್ಣವನ್ನು ಕಾಯುವುದೂ, ಹೊಳಪನ್ನು ಕೊಡುವುದೂ ಇದೇ ಲೇಪ. ಪಾಲಿಷ್ ಮಾಡುವಾಗ ಇದು ಸವೆದರೂ ಬಿಳಿಯ ಬಟ್ಟೆ ಬಿಳಿಯದಾಗಿಯೇ ಉಳಿಯುತ್ತದೆ. ನಷ್ಟ ಕಣ್ಣಿಗೆ ಕಾಣದ್ದರಿಂದ ಕೈ ತಡೆಯುವುದಿಲ್ಲ. ಗಿಲೀಟಿನ ಒಡವೆಯನ್ನು ಹಬ್ಬಕ್ಕೊಮ್ಮೆ ತಿಕ್ಕಿ ತಿಕ್ಕಿ ಕೊನೆಗೆ ತಾಮ್ರವನ್ನು ಕಂಡವರ ಕಥೆಯೇ ಇಲ್ಲಿಯದೂ.

ಹಾಗಾದರೆ ಪಾಲಿಷ್ ಮಾಡುವ ಸಂದರ್ಭವಾದರೂ ಏಕೆ ಬರುತ್ತದೆ? ಬಿಸಿಲಿನಲ್ಲಿ ನಿಂತ ಕಪ್ಪು ಕಾರಿನ ಮೈಮೇಲೆ ಜೇಡನ ಬಲೆಯಂಥ ಸುತ್ತುಗೆರೆಗಳನ್ನು ಎಲ್ಲರೂ ನೋಡಿರುತ್ತಾರೆ. ನಿಜಕ್ಕೆ ಅವು ಸುತ್ತಾಗಿಲ್ಲ. ಎಲ್ಲ ದಿಕ್ಕಿಗೂ ಬಿದ್ದಿರುವ ಅಸಂಖ್ಯಾತ ಸಣ್ಣ ಗೀರುಗಳಲ್ಲಿ, ಬೆಳಕಿಗೆ ಅಡ್ಡಲಾಗಿ ಇರುವವು ಮಾತ್ರ ಹೊಳೆದು ಸುತ್ತಿನಂತೆ ತೋರುತ್ತವೆ. ಇವುಗಳಲ್ಲಿ ಹೆಚ್ಚಿನವು ರಸ್ತೆಯಲ್ಲಿ ಆದವಲ್ಲ, ತೊಳೆಯುವಾಗ ಆದವು! ಒಣ ಧೂಳಿನ ಮೇಲೆ ಬಟ್ಟೆಯೆಳೆದರೆ ಧೂಳಿನ ಕಣಗಳೇ ಮರಳುಕಾಗದವಾಗುತ್ತವೆ. ವಸತಿ ಸಮುಚ್ಚಯಗಳಲ್ಲಿ ಒಂದೇ ಬಕೆಟ್ಟಿನ ನೀರು, ಒಂದೇ ಬಟ್ಟೆಯಿಂದ ಹತ್ತು ಕಾರುಗಳನ್ನು ಒರೆಸಿ ಮುಗಿಸಬೇಕಾದ ಬಡ ಕೆಲಸಗಾರನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅವನಿಗೆ ಕೊಟ್ಟ ಸಮಯವೂ ಸಂಬಳವೂ ಅಷ್ಟೇ.

ಆದುದರಿಂದಲೇ ಬಲ್ಲವರು ಸ್ವಂತ ಕೈಯಿಂದ ತೊಳೆಯಲು ಇಷ್ಟಪಡುತ್ತಾರೆ. ಅವರ ಕ್ರಮ ಸರಳವಾದುದು. ಮೊದಲು ನೀರು ಚಿಮುಕಿಸಿ ಮಣ್ಣನ್ನು ಸಡಿಲಿಸುವುದು. ಬಳಿಕ ಎರಡು ಬಕೆಟ್ಟುಗಳು: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರಿಯ ನೀರು. ಕೊಳೆಯಾದ ಕೈಚೀಲವನ್ನು ಬರಿಯ ನೀರಿನಲ್ಲಿ ಜಾಲಿಸದೆ ಮತ್ತೆ ಶಾಂಪೂವಿಗೆ ಅದ್ದುವಂತಿಲ್ಲ. ಮಾಡಿನಿಂದ ಆರಂಭಿಸಿ ಕೆಳಕ್ಕೆ ಬರಬೇಕು. ಬ್ರೇಕಿನ ಕಬ್ಬಿಣದ ಪುಡಿ ಅಂಟಿರುವ ಚಕ್ರಗಳಿಗೆ ಬೇರೆಯ ಬಟ್ಟೆಯಿರಬೇಕು. ಬಿಸಿಲಿನಲ್ಲಿ ತೊಳೆದರೆ ಕೊಳವೆಬಾವಿಯ ಗಡಸು ನೀರು ಆರಿ ಸುಣ್ಣದ ಚುಕ್ಕೆಗಳನ್ನು ಬಿಡುತ್ತದೆ. ಆದ್ದರಿಂದ ನೆರಳು ಅವಶ್ಯ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯುವವರೆಗೂ ಮತ್ತೆ ಮುಟ್ಟಬಾರದು. ಪಾತ್ರೆ ತೊಳೆಯುವ ಸಾಬೂನು ಮೇಣವನ್ನೂ ಕಿತ್ತುಹಾಕುವುದರಿಂದ ಅದು ಅಡುಗೆಮನೆಯಲ್ಲಿಯೇ ಇರಲಿ.

ಈ ಮೇಣದ್ದೂ ಒಂದು ಸ್ವಾರಸ್ಯವಿದೆ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಕಾರ್ನೌಬಾ ಎಂಬ ತಾಳೆಯ ಜಾತಿಯ ಮರ, ತನ್ನ ಎಲೆಗಳ ನೀರು ಆರದಂತೆ ಅವುಗಳಿಗೆ ಮೇಣದ ಹೊದಿಕೆ ಹೊದಿಸಿಕೊಳ್ಳುತ್ತದೆ. ಆ ಹೊದಿಕೆಯೇ ಇಲ್ಲಿಯ ಕಾರಿನ ಮೈಗೂ ಕವಚವಾಗುತ್ತದೆ. ಪಾಲಿಷು ಲೇಪವನ್ನು ಸವೆಸುತ್ತದೆ. ಮೇಣವು ಅದರ ಮೇಲೆ ಕುಳಿತು, ಬಿಸಿಲು ಮಳೆಗಳ ಪೆಟ್ಟನ್ನು ತಾನು ತಿಂದು ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಎರಡನ್ನೂ ಒಂದೇ ಎಂದು ಭಾವಿಸಿದವರು ಕಾಯಬೇಕಾದುದನ್ನೇ ಕಳೆದುಕೊಳ್ಳುತ್ತಾರೆ.

ಮಿತಿಯುಳ್ಳದ್ದು ಲೇಪವೊಂದೇ ಅಲ್ಲ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ನೀರಿಗಾಗಿ ಪರಿತಪಿಸುತ್ತಿದ್ದಾಗ, ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ನೆರೆಯ ಬೀದಿಯಲ್ಲಿ ಜನರು ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತಿರುವಾಗ ಕಾರಿನ ಮೇಲೆ ಕೊಳವೆಯಿಂದ ನೀರು ಸುರಿಸುವುದು ಯಾವ ಅಭಿರುಚಿಯ ಲಕ್ಷಣ? ಹವ್ಯಾಸಿಗಳ ಬಳಿ ಇದಕ್ಕೂ ಉಪಾಯವುಂಟು. ಹೆಚ್ಚು ಕೆಸರಿಲ್ಲದ ಕಾರನ್ನು, ಮತ್ತೆ ಜಾಲಿಸುವ ಅಗತ್ಯವಿಲ್ಲದ ವಿಶೇಷ ದ್ರಾವಣ ಬೆರೆಸಿದ ಒಂದೇ ಬಕೆಟ್ಟು ನೀರಿನಿಂದ ಶುಚಿಗೊಳಿಸಬಹುದು. ಮಡಿಸಿದ ಬಟ್ಟೆಯ ಒಂದೊಂದು ಮಗ್ಗುಲನ್ನೂ ಒಮ್ಮೆ ಮಾತ್ರ ಬಳಸಬೇಕೆಂಬುದಷ್ಟೇ ನಿಯಮ. ಶುದ್ಧೀಕರಿಸಿದ ಬಳಕೆಯ ನೀರು, ಹಿಡಿದಿಟ್ಟ ಮಳೆಯ ನೀರು ಇವೂ ಇವೆ.

ಆಯುಧಪೂಜೆಯ ದಿನ ಈ ಪ್ರೀತಿ ಬೀದಿಗೆ ಬರುತ್ತದೆ. ಅಂದು ಹಚ್ಚಿದ ಅರಿಸಿನ ಕುಂಕುಮಗಳನ್ನು ಬಹುದಿನ ಹಾಗೆಯೇ ಬಿಟ್ಟರೆ ಕಲೆ ನಿಲ್ಲಬಹುದು. ಪೂಜೆ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಮೃದುವಾಗಿ ತೆಗೆದರೆ ದೇವರೇನೂ ಮುನಿಯಲಾರ.

ಹೊಸಬನೊಬ್ಬ ಆಳವಾದ ಗೀರೊಂದನ್ನು ತೋರಿಸಿ, ಇದನ್ನು ಪೂರ್ತಿ ತೆಗೆಯಬಹುದೇ ಎಂದು ಕೇಳಿದರೆ, ಅನುಭವಿಯಾದವನು ಮೊದಲು ಯಂತ್ರಕ್ಕೆ ಕೈ ಹಾಕುವುದಿಲ್ಲ. ಗೀರಿನ ಮೇಲೆ ಉಗುರು ಆಡಿಸಿ ನೋಡುತ್ತಾನೆ. ಉಗುರು ತಡೆಯಿತೆಂದರೆ ಗೀರು ಆಳವಾಗಿದೆಯೆಂದೂ, ಅದನ್ನು ಅಳಿಸಹೊರಟರೆ ಸುತ್ತಲಿನ ಲೇಪವೆಲ್ಲ ಹೋಗುವುದೆಂದೂ ಅವನಿಗೆ ಗೊತ್ತು. “ಅಂಚು ಸ್ವಲ್ಪ ಮಸುಕಾಗುವಷ್ಟು ಮಾಡೋಣ, ಉಳಿದದ್ದು ಹಾಗೆಯೇ ಇರಲಿ,” ಎಂದು ಅವನು ಯಂತ್ರವನ್ನು ಪೆಟ್ಟಿಗೆಗೆ ಸೇರಿಸಿ, ಮೆತ್ತನೆಯ ಬಟ್ಟೆಯೊಂದನ್ನು ಕೈಗೆತ್ತಿಕೊಳ್ಳುತ್ತಾನೆ.