ತಾಳ್ಮೆ ಯಾರದು, ಪಟ ಯಾರದು?



ಹನೂರಿನ ಕಡೆಯ ಒಂದು ಶಾಲೆಯಲ್ಲಿ ಮಕ್ಕಳು ಮಾಡಿದ ಬಾಬಾಸಾಹೇಬರ ಪಟವೊಂದನ್ನು ಗೋಡೆಗೆ ತೂಗುಹಾಕಿದ್ದರು. ಬಣ್ಣವಿಲ್ಲ, ಕುಂಚವಿಲ್ಲ. ಅಂಗಡಿ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದ್ದ ಬೀಡಿಕಟ್ಟಿನ ಲೇಬಲ್ಲುಗಳನ್ನು ಆಯ್ದು, ಕತ್ತರಿಸಿ, ಮೈದಾ ಅಂಟಿನಲ್ಲಿ ಅಂಟಿಸಿದ್ದರು. ನೀಲಿ ಚೂರುಗಳು ಕೋಟಾಗಿದ್ದವು, ಕೆಂಪು ಚೂರು ಟೈ ಆಗಿತ್ತು. ನೋಡಲು ಬಂದವರೆಲ್ಲರದೂ ಒಂದೇ ಮಾತು: ‘ಎಂಥಾ ತಾಳ್ಮೆ!’

ಆ ಮಾತು ನನ್ನನ್ನು ಚುಚ್ಚಿತು. ಅದಕ್ಕೇ ಈ ಬರಹ.

ಪಟ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವವನು ನಾನಲ್ಲ. ಕಾಲ ಕೆಳಗಿನ ಕಸ ಮುಖವಾಗಿ ಎದ್ದು ನಮ್ಮನ್ನೇ ನೋಡಿದರೆ ಯಾರಿಗೆ ತಾನೆ ಮೈ ಜುಂ ಅನ್ನುವುದಿಲ್ಲ? ಊರಿನ ಕಸ ಎತ್ತಿದವರಿಗೆ, ಕಸ ಅಂತಲೇ ಅನ್ನಿಸಿಕೊಂಡವರಿಗೆ ಅದು ಇನ್ನೂ ಆಳಕ್ಕೆ ತಾಗುತ್ತದೆ. ಸಾಲದ್ದಕ್ಕೆ ಆ ಲೇಬಲ್ಲುಗಳ ಮೇಲೆ ದೇವರುಗಳಿದ್ದರು. ದೇವರ ಪಟಗಳನ್ನು ಚರಂಡಿಗೆ ಎಸೆಯಿರಿ ಎಂದ ಬಿ. ಬಸವಲಿಂಗಪ್ಪನವರ ಮೇಲೆ ಜಾತಿವಂತರು ಹರಿಹಾಯ್ದರು. 1973ರಲ್ಲಿ ಅವರು ಮೈಸೂರಿನಲ್ಲಿ ‘ಬೂಸಾ’ ಅಂದದ್ದಕ್ಕೆ ಮಂತ್ರಿ ಪದವಿಯನ್ನೇ ಕಿತ್ತುಕೊಂಡರು. ಈ ಮಕ್ಕಳು ದೇವರನ್ನು ಎಸೆಯಲೂ ಇಲ್ಲ, ಪೂಜಿಸಲೂ ಇಲ್ಲ. ಕತ್ತರಿಸಿ ಅಂಬೇಡ್ಕರರ ಕೋಟಿಗೆ ಗುಂಡಿ ಮಾಡಿದರು! ಇದಕ್ಕಿಂತ ಒಳ್ಳೆಯ ಬಂಡಾಯವನ್ನು ನಮ್ಮ ಎಷ್ಟು ಕವಿತೆಗಳು ಮಾಡಿವೆ?

ಆದರೆ ಆ ತಾಳ್ಮೆಯ ಮಾತು?

ಈ ಬಗೆಯ ಕಲೆಗೆ ಹೊರದೇಶದಲ್ಲಿ ಹಳೆಯ ಚರಿತ್ರೆಯಿದೆ. ಸಿಗಾರು ಅಂದರೆ ದಪ್ಪ ಚುಟ್ಟ. ಅದರ ಸೊಂಟಕ್ಕೆ ಸುತ್ತುವ ಚಿನ್ನದ ಬಣ್ಣದ ಕಾಗದದ ಪಟ್ಟಿಯಲ್ಲಿ ಕಂಪನಿಯ ಹೆಸರು, ರಾಜರ ಮುಖ, ಸಿಂಹ, ಕಿರೀಟ. 1900ರ ಆಸುಪಾಸಿನಲ್ಲಿ ಅಮೆರಿಕದ ಜನಕ್ಕೆ ಈ ಪಟ್ಟಿ ಕೂಡಿಡುವ ಹುಚ್ಚು ಹಿಡಿದಿತ್ತು. ಗಾಜಿನ ತಟ್ಟೆಯ ಅಡಿಗೆ ಅಂಟಿಸಿದರು, ಅದರಲ್ಲೇ ಮುಖಗಳನ್ನು ಮಾಡಿದರು. ನೋಡಿದವರು ಆಗಲೂ ಹೊಗಳಿದ್ದು ಅಂಟಿಸಿದವರ ತಾಳ್ಮೆಯನ್ನೇ. ಚುಟ್ಟ ಸುರುಳಿದವರ ತಾಳ್ಮೆಯನ್ನು ಯಾರು ಹೊಗಳಿದರು?

ಇಲ್ಲೇ ನೋಡಿ. ಮೈಸೂರಿನಿಂದ ಕೊಳ್ಳೇಗಾಲದವರೆಗೆ ಜಗಲಿಗಳಲ್ಲಿ ಹೆಂಗಸರು ಮೊರ ತೊಡೆ ಮೇಲಿಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ, ನೂಲು ಸುತ್ತುತ್ತಾರೆ. ಕೂಲಿ ಸಾವಿರದ ಲೆಕ್ಕ. ಸಾವಿರ ಸಲ ಅದೇ ಬೆರಳು, ಅದೇ ಮಡಿಕೆ. ಒಂದು ಪಟ ಮಾಡಿದರೆ ತಾಳ್ಮೆ ‘ಕಲೆ’ಯಾಗುತ್ತದೆ, ಸಾವಿರ ಬೀಡಿ ಕಟ್ಟಿದರೆ ಅದು ‘ಹೆಂಗಸರ ಕೆಲಸ’ವಾಗುತ್ತದೆ. ಸಂಜೆ ಕಂಟ್ರಾಕ್ಟುದಾರ ಒಂದು ಹಿಡಿ ಬೀಡಿಯನ್ನು ‘ಇವು ಆಗಲ್ಲ’ ಅಂತ ಪಕ್ಕಕ್ಕೆ ತಳ್ಳಿದಾಗ ಯಾರೂ ‘ಎಂಥಾ ತಾಳ್ಮೆ’ ಅನ್ನುವುದಿಲ್ಲ.

ಅಂಥ ಒಬ್ಬ ಅವ್ವನಿಗೆ ಪಟದ ಮಾತು ಹೇಳಿದೆ. ಆಕೆ ಅಂದದ್ದು ಇಷ್ಟು: ‘ಬೀಡಿ ಕಟ್ಟಾದು ನಾನು ಕನಪ್ಪ. ಆ ಬಣ್ಣದ ಕಾಗ್ದವ ನಾ ಅಂಗ್ಡೀಲಿ ನೋಡಿರದು ಅಷ್ಟೇಯ.’

ಈ ಒಂದು ಮಾತಿನಲ್ಲಿ ಎಲ್ಲ ಬಂತು. ಬೀಡಿ ಕಟ್ಟುವವಳ ಕೈಗೆ ಲೇಬಲ್ಲು ಬರುವುದೇ ಇಲ್ಲ. ಬೀಡಿಯನ್ನು ಬ್ರಾಂಚಿಗೆ ಒಪ್ಪಿಸಿದ ಮೇಲೆ, ಅದು ಬೆಚ್ಚಗಾಗಿ ಕಟ್ಟಾದ ಮೇಲೆ, ಮಾಲೀಕನ ಹೆಸರು ಅಂಟುತ್ತದೆ. ದುಡಿದ ಬೆರಳನ್ನು ಅಳಿಸುವ ಕಾಗದವೇ ಲೇಬಲ್ಲು. ಅದು ಎಷ್ಟು ಚೆಂದವಿದ್ದರೇನು? 2016ರಿಂದ ಪೊಟ್ಟಣದ ಶೇ. 85 ಭಾಗ ಎಚ್ಚರಿಕೆಗೆ ಅಂತ ನಿಯಮವಾಯಿತು. ಒಳ್ಳೆಯದೇ. ಆದರೆ ಆ ಎಚ್ಚರಿಕೆ ಸೇದುವವನಿಗೆ. ದಿನವಿಡೀ ಪುಡಿಯ ಧೂಳು ಕುಡಿಯುವವಳಿಗೆ ಎಚ್ಚರಿಕೆ ಯಾವ ಕಾಗದದಲ್ಲಿದೆ?

ಕಾಯಿದೆಗಳು ಬರಲಿಲ್ಲವೆ? ಬಂದವು. 1966ರ ಬೀಡಿ ಮತ್ತು ಸಿಗಾರು ಕಾರ್ಮಿಕರ ಕಾಯಿದೆ ಮನೆಯಲ್ಲಿ ಕೂತು ಕಟ್ಟುವವಳನ್ನೂ ಕಾರ್ಮಿಕಳೆಂದು ಕರೆಯಿತು. ಮಾಲೀಕರು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿಯ ಮೇಲೆ ಸೆಸ್ಸು ಹಾಕಿ ಆಸ್ಪತ್ರೆ, ಮನೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ನಿಧಿ ಮಾಡಿದರು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸು ಹೋಯಿತು. 2020ರಲ್ಲಿ ಪಾರ್ಲಿಮೆಂಟು 1966ರ ಕಾಯಿದೆಯನ್ನೂ ಇತರ ಹನ್ನೆರಡರ ಜೊತೆ ಒಂದೇ ಸಂಹಿತೆಯ ಚೀಲಕ್ಕೆ ತುರುಕಿತು. ಎಷ್ಟು ಜಗಲಿಗಳಿಗೆ ಈ ಸುದ್ದಿ ತಲುಪಿತು? ತಲುಪಿಸಬೇಕಾದವರು ನಾವಲ್ಲವೆ?

ಚುಟ್ಟದ ಚರಿತ್ರೆಯಲ್ಲಿ ಪಟ್ಟಿಗಿಂತ ದೊಡ್ಡದು ಇನ್ನೊಂದಿದೆ. 1865ರಲ್ಲಿ ಕ್ಯೂಬಾದ ಹವಾನಾದಲ್ಲಿ ಚುಟ್ಟ ಸುರುಳುವವರು ತಮ್ಮಲ್ಲೇ ಒಬ್ಬನನ್ನು ಓದಲು ಕೂರಿಸಿದರು. ಅವನು ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದುವುದು, ಇವರು ಕೇಳುತ್ತಾ ಸುರುಳುವುದು. ಮರುವರ್ಷವೇ ಸ್ಪೇನಿನ ಆಡಳಿತ ಅದನ್ನು ನಿಷೇಧಿಸಿತು. ಯಾಕೆ? ಕೈ ಕೆಲಸದಲ್ಲಿದ್ದರೂ ಕಿವಿ ಎಚ್ಚರವಾದರೆ ಧಣಿಗೆ ನಿದ್ದೆ ಬರುವುದಿಲ್ಲ. ಇಲ್ಲೇ ಪಕ್ಕದ ಕಣ್ಣೂರಿನಲ್ಲೂ ಬೀಡಿ ಕಟ್ಟುವವರು ಒಬ್ಬನಿಗೆ ಪೇಪರ್ ಓದಲು ಕೊಟ್ಟು ಅವನ ಪಾಲಿನ ಬೀಡಿಯನ್ನು ತಾವು ಕಟ್ಟಿಕೊಟ್ಟರು. 1966ರ ಕಾಯಿದೆ ಪಾಲಿಸಲು ಒಲ್ಲದ ಮಂಗಳೂರಿನ ಮಾಲೀಕರು ಬಾಗಿಲು ಹಾಕಿದಾಗ, ಆ ಕೇಳಿದ ಕಿವಿಗಳೇ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದವು.

ನಮ್ಮ ಹೆಂಗಸರನ್ನು ಒಂದೊಂದು ಜಗಲಿಗೆ ಒಬ್ಬೊಬ್ಬರಂತೆ ಚೆದುರಿಸಿಟ್ಟಿದ್ದಾರೆ. ಕೇಳುವ ಕಿವಿಗೇನು ಬರವೆ? ನೀಲಗಾರರು ಮಂಟೇಸ್ವಾಮಿ ಕತೆಯನ್ನು, ಕಂಸಾಳೆಯವರು ಮಾದಪ್ಪನ ಕತೆಯನ್ನು ಬೆಳಗಾಗುವತನಕ ಹಾಡಿದರೆ ರೆಪ್ಪೆ ಮುಚ್ಚದೆ ಕೇಳಿದ ಸೀಮೆ ಇದು.

ಕೊಳ್ಳೇಗಾಲ, ಹನೂರು, ಯಳಂದೂರಿನ ಮೇಷ್ಟ್ರುಗಳೆ, ಹಾಸ್ಟೆಲ್ಲಿನ ಹುಡುಗರೆ, ಮಕ್ಕಳಿಂದ ಪಟ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಅದರ ಕೆಳಗೆ ಅಂಟಿಸಿದವರ ಹೆಸರಿನ ಜೊತೆ, ಆ ಊರಲ್ಲಿ ಬೀಡಿ ಕಟ್ಟುವ ತಾಯಂದಿರ ಹೆಸರನ್ನೂ ಅವರನ್ನು ಕೇಳಿ ಬರೆಯಿರಿ. ವಾರಕ್ಕೊಂದು ಸಂಜೆ ಜಗಲಿಯಲ್ಲಿ ಕೂತು ಅವರಿಗೆ ಓದಿ: ಪೇಪರ್ ಓದಿ, ಕಾಯಿದೆ ಓದಿ, ಅಂಬೇಡ್ಕರರನ್ನು ಓದಿ. ನಾಲ್ಕು ಜಗಲಿಯವರು ಒಂದು ಕಡೆ ಕೂರುವಂತಾದರೆ ಅದೇ ಸಂಘದ ಮೊದಲ ಸಭೆ.

ಗೋಡೆಯ ಮೇಲಿನ ಬಾಬಾಸಾಹೇಬರಿಗೆ ಲೇಬಲ್ಲಿನ ಕೋಟು ಆಯಿತು. ಅವರು ಕೈಯಲ್ಲಿ ಹಿಡಿದ ಪುಸ್ತಕವನ್ನು ಜಗಲಿಗೆ ಇಳಿಸುವವರು ಯಾರು?