ಅಂತರಜಾಲದಲ್ಲಿ ಸಮಾನತೆ

ಜ್ಞಾನವು ಕೆಲವರ ಸ್ವತ್ತಾಗದೆ ಎಲ್ಲರಿಗೂ ದೊರಕಬೇಕೆಂಬುದು ಪ್ರಜಾಪ್ರಭುತ್ವದ ಆಶಯ. ಇಂದು ಜ್ಞಾನದ ಬಹುಭಾಗವು ಅಂತರಜಾಲದ ಮೂಲಕ ಹರಿದುಬರುತ್ತಿದೆ. ಆದುದರಿಂದ ಆ ಜಾಲವು ಯಾವ ನಿಯಮಕ್ಕೆ ಒಳಪಟ್ಟಿರಬೇಕೆಂಬುದು ಕೇವಲ ತಂತ್ರಜ್ಞರ ಪ್ರಶ್ನೆಯಲ್ಲ. ವಿದ್ಯಾರ್ಥಿಗಳೂ ವಿಚಾರಮಾಡಬೇಕಾದ ಪ್ರಶ್ನೆ.

ಹಾವೇರಿ ಜಿಲ್ಲೆಯ ಹಿರೇಕೆರೂರು ತನ್ನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಊರು. ಕೆರೆಯ ತೂಬನ್ನು ನೋಡಿಕೊಳ್ಳುವವನ ಕೆಲಸವು ಎಲ್ಲರ ಹೊಲಕ್ಕೂ ನೀರನ್ನು ಬಿಡುವುದು. "ನನಗೆ ಒಪ್ಪಿಗೆಯಾದ ಬೆಳೆಯನ್ನು ಬೆಳೆದವನಿಗೆ ಮಾತ್ರ ನೀರು" ಎಂದು ಅವನು ಹೇಳತೊಡಗಿದರೆ ಊರಿನ ಬೇಸಾಯವೇ ಅವನ ಕೈಸೇರುತ್ತದೆ. ಅಂತರಜಾಲದ ಸಂಪರ್ಕವನ್ನು ಮಾರುವ ಕಂಪನಿಗಳ ಸ್ಥಾನವೂ ಇಂತಹುದೇ. ಅವು ಹಣ ಪಡೆದು ಸಂಪರ್ಕವನ್ನು ಒದಗಿಸಬೇಕು. ಒಂದು ತಾಣವನ್ನು ವೇಗವಾಗಿಯೂ ಇನ್ನೊಂದನ್ನು ನಿಧಾನವಾಗಿಯೂ ತಲಪಿಸುವುದು, ಒಂದಕ್ಕೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು ದರ ವಿಧಿಸುವುದು ಸಲ್ಲದು. ಈ ತತ್ತ್ವಕ್ಕೆ ಅಂತರಜಾಲ ತಟಸ್ಥತೆ ಎಂದು ಹೆಸರು.

2015ರಲ್ಲಿ ಈ ತತ್ತ್ವವು ನಮ್ಮ ದೇಶದಲ್ಲಿ ಪರೀಕ್ಷೆಗೆ ಒಳಗಾಯಿತು. ಆ ವರ್ಷದ ಫೆಬ್ರವರಿಯಲ್ಲಿ ಫೇಸ್‌ಬುಕ್ ಸಂಸ್ಥೆಯು ರಿಲಯನ್ಸ್ ಕಮ್ಯುನಿಕೇಷನ್ಸ್ ಕಂಪನಿಯೊಡನೆ ಸೇರಿ, ಆಯ್ದ ಕೆಲವು ತಾಣಗಳನ್ನು ಮಾತ್ರ ಉಚಿತವಾಗಿ ನೋಡುವ ಯೋಜನೆಯನ್ನು ಆರಂಭಿಸಿತು. ಮುಂದೆ ಅದಕ್ಕೆ 'ಫ್ರೀ ಬೇಸಿಕ್ಸ್' ಎಂದು ಹೆಸರಾಯಿತು. ಅದೇ ವರ್ಷ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ತಟಸ್ಥತೆಯ ವಿಷಯದಲ್ಲಿ ಅಭಿಪ್ರಾಯ ಕೇಳಿದಾಗ 10 ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಬಂದವು. 2016ರ ಫೆಬ್ರವರಿ 8ರಂದು ಪ್ರಾಧಿಕಾರವು ತಾಣಕ್ಕೊಂದು ದರ ವಿಧಿಸುವ ಪದ್ಧತಿಯನ್ನು ನಿಷೇಧಿಸಿತು. ಮೀರಿದ ಕಂಪನಿಗೆ ದಿನಕ್ಕೆ 50,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ತಾಣಗಳನ್ನು ತಡೆಯುವುದಾಗಲಿ, ಅವುಗಳ ವೇಗವನ್ನು ತಗ್ಗಿಸುವುದಾಗಲಿ ಕೂಡದೆಂಬ ಶಿಫಾರಸನ್ನು 2018ರ ಜುಲೈಯಲ್ಲಿ ಸರ್ಕಾರವು ಒಪ್ಪಿಕೊಂಡಿತು.

"ಏನೂ ಇಲ್ಲದ ಬಡವನಿಗೆ ಸ್ವಲ್ಪವಾದರೂ ಉಚಿತವಾಗಿ ದೊರೆತರೆ ಒಳ್ಳೆಯದಲ್ಲವೆ?" ಎಂದು ಕೆಲವರು ಕೇಳುವರು. ಇದು ತಳ್ಳಿಹಾಕುವ ಮಾತಲ್ಲ. ಆದರೆ ಆ ಸ್ವಲ್ಪವನ್ನು ಆರಿಸುವವರು ಯಾರು? ಹಾನಗಲ್ಲಿನ ಬಡ ವಿದ್ಯಾರ್ಥಿಗೆ ಬೇಕಾದುದು ಯಾರೋ ಆರಿಸಿಕೊಟ್ಟ ಹತ್ತಾರು ಪುಟಗಳಲ್ಲ. ಸಿರಿವಂತರ ಮಕ್ಕಳು ನೋಡುವ ಅಂತರಜಾಲವೇ ಅವನಿಗೂ ಬೇಕು. ಅಂತರಜಾಲವು ಓದುವುದಕ್ಕಷ್ಟೇ ಇರುವುದೂ ಅಲ್ಲ. ಸವಣೂರಿನ ವೀಳ್ಯದೆಲೆಯ ಬೆಳೆಗಾರನು ತನ್ನದೊಂದು ತಾಣವನ್ನು ತೆರೆಯಬಹುದು. ಶಿಗ್ಗಾವಿ ತಾಲ್ಲೂಕಿನ ಮಕ್ಕಳು ಶಿಶುನಾಳ ಷರೀಫರ ತತ್ತ್ವಪದಗಳನ್ನು ಹಾಡಿ ಲೋಕಕ್ಕೆ ಕೇಳಿಸಬಹುದು. ಉಚಿತದ ಬೇಲಿಯೊಳಗೇ ಜನರು ಉಳಿದರೆ ಹೊರಗಿನ ಈ ಸಣ್ಣ ದನಿಗಳನ್ನು ಕೇಳುವವರಾರು? ಬಡವರಿಗೆ ನೆರವಾಗುವ ಮನಸ್ಸಿದ್ದರೆ ಇಂತಿಷ್ಟು ಸಂಪರ್ಕವನ್ನು ಉಚಿತವಾಗಿ ಕೊಟ್ಟು, ಏನನ್ನು ನೋಡಬೇಕೆಂಬುದನ್ನು ಅವರಿಗೇ ಬಿಡಬಹುದು. 2016ರ ಸೆಪ್ಟೆಂಬರಿನ ನಂತರ ಕಂಪನಿಗಳ ಪೈಪೋಟಿಯಿಂದ ದರಗಳು ಬಹಳವಾಗಿ ಇಳಿದವು. ಬೇಲಿ ಹಾಕದೆಯೇ ಕೋಟ್ಯಂತರ ಜನರಿಗೆ ಅಂತರಜಾಲ ದೊರೆಯಿತು.

ಆದರೆ ಒಮ್ಮೆ ಪಡೆದ ನಿಯಮವು ತಾನಾಗಿಯೇ ಉಳಿಯುವುದಿಲ್ಲ. ಅಮೆರಿಕದಲ್ಲಿ 2015ರಲ್ಲಿ ರಚಿತವಾದ ಇಂತಹ ನಿಯಮಗಳನ್ನು 2017ರಲ್ಲಿ ರದ್ದುಪಡಿಸಲಾಯಿತು. 2024ರಲ್ಲಿ ಅವು ಮರಳಿ ಬಂದರೂ 2025ರ ಜನವರಿಯಲ್ಲಿ ನ್ಯಾಯಾಲಯವು ತಳ್ಳಿಹಾಕಿತು.

ಕೆರೆಯನ್ನು ಕಟ್ಟಿದ ಹಿರಿಯರು ಅದರ ಏರಿಯನ್ನು ವರ್ಷವರ್ಷವೂ ಕಾಯ್ದರು. ಅಂತರಜಾಲದ ಸಮಾನತೆಗೂ ಅಂತಹ ಕಾವಲು ಬೇಕು. ಉಚಿತವೆಂದು ಏನನ್ನಾದರೂ ಕೈಗಿತ್ತಾಗ, ಅದರೊಡನೆ ಯಾವ ಬಾಗಿಲು ಮುಚ್ಚುತ್ತಿದೆ ಎಂದು ಕೇಳುವುದೇ ಆ ಕಾವಲಿನ ಆರಂಭ.