ಜೀಪು ಎತ್ತರ ಆದರೆ ಸಾಲದು, ಹಿಂದೆ ಕೂತವರ ಸೊಂಟ ಉಳಿಯಬೇಕು

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಗ್ಯಾರೇಜುಗಳಲ್ಲಿ ಹುಡುಗರು ಕೇಳುವ ಪ್ರಶ್ನೆ ಒಂದೇ: "ಅಣ್ಣ, ಲಿಫ್ಟ್ ಮಾಡ್ಸಿದ್ರೆ ಗಾಡಿ ಆರಾಮಾಗಿ ಹೋಗುತ್ತಲ್ವಾ?" ಹೋಗಬೇಕು ಅಂತೇನಿಲ್ಲ. ಎತ್ತರ ಬೇರೆ, ಆರಾಮ ಬೇರೆ. ಎರಡನ್ನೂ ಒಂದೇ ಅಂದುಕೊಂಡು ದುಡ್ಡು ಸುರಿದರೆ ಗಾಡಿ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ, ಹಿಂದೆ ಕೂತವರು ಮಾತ್ರ ಬೈಯುತ್ತಾ ಇಳಿಯುತ್ತಾರೆ.

ಮಲೆನಾಡಿನಲ್ಲಿ ಜೀಪು ಬರೀ ಶೋಕಿಯ ಗಾಡಿ ಅಲ್ಲ. ಬಸ್ಸು ಬಾರದ ಊರಿಗೆ ಅದೇ ಬಸ್ಸು, ಮಳೆಗಾಲದ ರಾತ್ರಿ ಅದೇ ಆಂಬುಲೆನ್ಸು. ತೋಟದ ಕೆಲಸದವರು, ಶಾಲೆ ಮಕ್ಕಳು, ತುಂಬು ಗರ್ಭಿಣಿಯರು ಅದರಲ್ಲೇ ಹೋಗಬೇಕು. ಡ್ರೈವರಿಗೆ ಗುಂಡಿ ಮೊದಲೇ ಕಾಣುತ್ತದೆ, ಹಿಡಿದುಕೊಳ್ಳಲು ಸ್ಟೇರಿಂಗ್ ಇರುತ್ತದೆ. ಹಿಂದಿನ ಅಡ್ಡ ಸೀಟಿನಲ್ಲಿ, ಆಕ್ಸಲ್ ಮೇಲೆಯೇ ಕೂತವರಿಗೆ ಎರಡೂ ಇಲ್ಲ. ಹಾಗಾಗಿ ಸ್ಪ್ರಿಂಗ್ ಆರಿಸುವಾಗ ಅವರನ್ನು ನೆನಪಿಟ್ಟುಕೊಂಡು ಆರಿಸಬೇಕು ಎಂಬುದು ನನ್ನ ವಾದ.

ಮೊದಲು ಯಾವುದರ ಕೆಲಸ ಏನು ಅಂತ ನೋಡೋಣ. ಗಾಡಿಯ ತೂಕ ಹೊರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ತೂಕ ಹೊರುವುದಿಲ್ಲ. ಸ್ಪ್ರಿಂಗಿನ ಕುಣಿತ ನಿಲ್ಲಿಸುವುದು ಅದರ ಕೆಲಸ. ಒಳಗಿನ ಎಣ್ಣೆ ಸಣ್ಣ ಸಣ್ಣ ತೂತುಗಳಲ್ಲಿ ನುಗ್ಗಿ ಹೋಗುವಾಗ ಕುಣಿತದ ಶಕ್ತಿ ಶಾಖವಾಗುತ್ತದೆ. ಆದ್ದರಿಂದ ಲೋಡಿಗೆ ಗಾಡಿ ಕುಸಿದರೆ ಹೊಸ ಶಾಕ್ ಹಾಕಿ ಉಪಯೋಗವಿಲ್ಲ. ಗುಂಡಿ ದಾಟಿದ ಮೇಲೂ ಗಾಡಿ ತೂಗುಯ್ಯಾಲೆಯಂತೆ ಆಡುತ್ತಿದ್ದರೆ ಸ್ಪ್ರಿಂಗ್ ಬದಲಿಸಿ ಉಪಯೋಗವಿಲ್ಲ.

ಸ್ಪ್ರಿಂಗ್ ಆರಿಸಲು ಒಂದೇ ಲೆಕ್ಕ ಸಾಕು: ವಾರದ ಹೆಚ್ಚು ದಿನ ನಿಮ್ಮ ಗಾಡಿಯಲ್ಲಿ ಎಷ್ಟು ಭಾರ ಇರುತ್ತದೆ? 50 ಕೆ.ಜಿ.ಯ 10 ಗೊಬ್ಬರದ ಚೀಲ ಅಂದರೆ 500 ಕೆ.ಜಿ. ದಿನವೂ ಅಷ್ಟು ಹೊರುವ ಗಾಡಿಗೆ ಗಟ್ಟಿ ಸ್ಪ್ರಿಂಗ್ ಸರಿ. ವರ್ಷಕ್ಕೆ ನಾಲ್ಕು ಸಲ ಗೊಬ್ಬರ ತಂದು, ಉಳಿದ ದಿನ ಇಬ್ಬರೇ ಓಡಾಡುವ ಗಾಡಿಗೆ ಅದನ್ನೇ ಹಾಕಿದರೆ ಖಾಲಿ ಗಾಡಿ ಕತ್ತೆಯಂತೆ ಒದೆಯುತ್ತದೆ. ಹಿಂದೆ ಇನ್ನೊಂದು ಪ್ಲೇಟು ಸೇರಿಸುವವರಿಗೂ ಇದೇ ಮಾತು. ಭಾರ ಹೊರುವ ಶಕ್ತಿ ಹೆಚ್ಚಿದಷ್ಟೂ ಮೆತುತನ ಕಡಿಮೆ.

ನಿಮ್ಮ ಗಾಡಿಯಲ್ಲಿ ಏನಿದೆ ಅಂತಲೂ ತಿಳಿದಿರಬೇಕು. ಹಳೇ ಎಂಎಂ 540 ಜೀಪು ಮತ್ತು ಜಿಪ್ಸಿಯಲ್ಲಿ ನಾಲ್ಕೂ ಕಡೆ ಪ್ಲೇಟು. ಬೊಲೆರೊದಲ್ಲಿ ಮುಂದೆ ಸುರುಳಿ ಸ್ಪ್ರಿಂಗ್, ಹಿಂದೆ ಪ್ಲೇಟು. 2020ರ ನಂತರದ ಥಾರ್ ಮತ್ತು 2023ರಲ್ಲಿ ಬಂದ ಜಿಮ್ನಿಯಲ್ಲಿ ನಾಲ್ಕೂ ಕಡೆ ಸುರುಳಿ. ಪ್ಲೇಟುಗಳು ಒಂದಕ್ಕೊಂದು ಉಜ್ಜುತ್ತವೆ. ನಡುವೆ ತುಕ್ಕು, ಕೆಸರು ಸೇರಿದರೆ ಬಿಗಿದುಕೊಳ್ಳುತ್ತವೆ. ಎಷ್ಟೋ ಹಳೇ ಜೀಪುಗಳಿಗೆ ಬೇಕಾಗಿರುವುದು ಲಿಫ್ಟ್ ಅಲ್ಲ. ಪ್ಲೇಟು ಬಿಚ್ಚಿ ತೊಳೆದು, ಸವೆದ ಬುಷ್ ಬದಲಿಸಿ, ಯು-ಬೋಲ್ಟ್ ಸರಿಯಾಗಿ ಬಿಗಿದರೆ ಅರ್ಧ ಸಮಸ್ಯೆ ಮುಗಿಯಿತು.

ಇನ್ನು ಎತ್ತರದ ವಿಷಯ. ಆಕ್ಸಲ್ ನಡುವಿನ ಗುಂಡು, ನಾವು ಹೌಸಿಂಗ್ ಅನ್ನುತ್ತೇವಲ್ಲ, ಅದು ಸ್ಪ್ರಿಂಗ್ ಲಿಫ್ಟಿನಿಂದ ಒಂದು ನೂಲಿನಷ್ಟೂ ಮೇಲೇಳುವುದಿಲ್ಲ. ಬಾಡಿ ಮಾತ್ರ ಏಳುತ್ತದೆ. ಹೌಸಿಂಗ್ ಏಳಬೇಕಾದರೆ ಟೈರ್ ದೊಡ್ಡದಾಗಬೇಕು. ಬಾಡಿ ಎದ್ದಷ್ಟೂ ತಿರುವಿನಲ್ಲಿ ವಾಲುವುದು ಜಾಸ್ತಿ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಜನ ತುಂಬಿಕೊಂಡು ಇಳಿಯುವವರು ಇದನ್ನು ಮರೆಯಬಾರದು. ಎರಡು ಇಂಚು ದಾಟಿದರೆ ಬ್ರೇಕ್ ಹೋಸ್ ಉದ್ದ, ಪ್ರೊಪೆಲ್ಲರ್ ಶಾಫ್ಟಿನ ಕೋನ, ಸ್ಟೇರಿಂಗಿನ ಅಲೈನ್‌ಮೆಂಟ್ ಎಲ್ಲವನ್ನೂ ನೋಡಬೇಕಾಗುತ್ತದೆ. ಆರಾಮ ಬೇಕು ಅನ್ನುವವರಿಗೆ ಅಷ್ಟು ಎತ್ತರ ಬೇಕಾಗಿಯೇ ಇಲ್ಲ.

ಸ್ಪ್ರಿಂಗ್ ಎತ್ತರಿಸಿ ಹಳೇ ಶಾಕ್ ಬಿಡುವುದು ದೊಡ್ಡ ತಪ್ಪು. ಗಿಡ್ಡ ಶಾಕ್ ಗುಂಡಿಗೆ ಚಕ್ರ ಇಳಿದಾಗಲೆಲ್ಲ ಪೂರ್ತಿ ಎಳೆದುಕೊಂಡು ಟಕ್ ಅನ್ನುತ್ತದೆ, ಕೊನೆಗೆ ಕಿತ್ತುಹೋಗುತ್ತದೆ. ತೀರಾ ಉದ್ದದ್ದು ಹಾಕಿದರೆ ಕುಗ್ಗುವಾಗ ತಳ ಬಡಿಯುತ್ತದೆ. ಉದ್ದವೂ ಬಿಗಿತವೂ ಹೊಸ ಸ್ಪ್ರಿಂಗಿಗೆ ಹೊಂದಬೇಕು. ಬಿಗಿ ಶಾಕ್ ಅಂದರೆ ಒಳ್ಳೇ ಶಾಕ್ ಅಂತಲ್ಲ. ಮೆತ್ತನೆ ಸ್ಪ್ರಿಂಗಿಗೆ ಬಿಗಿ ಶಾಕ್ ಹಾಕಿದರೆ ಸಣ್ಣ ಕಲ್ಲಿನ ಏಟೂ ನೇರ ಬೆನ್ನಿಗೆ. ಬದಲಿಸುವಾಗ ಎಡ ಬಲ ಜೋಡಿಯಾಗಿಯೇ ಬದಲಿಸಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಬಾಡಿಗೆಗೆ ಓಡುವ ಗಾಡಿಯವರು ಕೆಲಸ ಮಾಡಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಲಿ. ಅಪಘಾತವಾದ ಮೇಲೆ ವಿಮೆಯವರು ಕೇಳುವ ಪ್ರಶ್ನೆಗೆ ಮೆಕ್ಯಾನಿಕ್ ಉತ್ತರ ಕೊಡಲು ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಕಡಿಮೆ ಖರ್ಚಿನದ್ದರಿಂದ ಶುರು ಮಾಡಿ. ಖಾಲಿ ಗಾಡಿಯನ್ನು ಕಲ್ಲು ದಾರಿಯಲ್ಲಿ ನಿಧಾನ ಓಡಿಸುವಾಗ ಟೈರಿನ ಗಾಳಿ ಕೆಲವು ಪಾಯಿಂಟ್ ಇಳಿಸಿ, ಡಾಂಬರು ಬಂದ ಕೂಡಲೇ ತುಂಬಿಸಿ. ಆಮೇಲೆ ಬುಷ್ ನೋಡಿಸಿ. ಶಾಕ್ ಮೇಲೆ ಎಣ್ಣೆ ಜಿನುಗಿದೆಯಾ ನೋಡಿ. ಇಷ್ಟಾದ ಮೇಲೂ ಸಾಲದಿದ್ದರೆ ಭಾರಕ್ಕೆ ತಕ್ಕ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ. ಅದೇ ಸೆಟ್ ಹಾಕಿಸಿದ ಗಾಡಿ ಹತ್ತಿರದಲ್ಲಿ ಎಲ್ಲಾದರೂ ಇದ್ದರೆ ಮಾಲೀಕರನ್ನು ಕೇಳಿ, ನಿಮ್ಮೂರಿನ ದಾರಿಯಲ್ಲೇ ಒಂದು ಸುತ್ತು ಹೋಗಿ. ಮುಂದಿನ ಸೀಟು ಬೇಡ, ಹಿಂದೆ ಕೂತುಕೊಳ್ಳಿ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಇಳಿದ ಮೇಲೆ ಅವರು ಏನು ಹೇಳುತ್ತಾರೋ ಅದನ್ನೇ ನಂಬಿ.